ಅವ್ವನ ಬಾಯಿಗೆ ಬಂದ ಹಾಡು

ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ನಾನು ರೋಗಿಗಳಿಗೆ ಹಾಡು ಹೇಳಿಸುವ ಕೆಲಸಕ್ಕೆ ಸೇರಿ ಆಗ ಆರು ತಿಂಗಳು. ಸಂಗೀತ ಚಿಕಿತ್ಸೆ ಎಂದು ಬಾಗಿಲ ಮೇಲೆ ಬೋರ್ಡು ಹಾಕಿಸಿದ್ದೆ. ಒಳಗೆ ಒಂದು ಶ್ರುತಿಪೆಟ್ಟಿಗೆ, ಮೂರು ಕುರ್ಚಿ, ಮೈಸೂರಿನಲ್ಲಿ ಕಲಿತು ಬಂದ ನನ್ನ ಜಂಬ.

ಬಂಡಳ್ಳಿಯ ಒಬ್ಬಾಕೆಯನ್ನು ಮಗ, ಸೊಸೆ ಆಟೋದಲ್ಲಿ ಕರೆತಂದರು. ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಮಾತು ಪೂರ್ತಿ ನಿಂತಿತ್ತು. ನೀರು ಬೇಕಾದರೂ ಚೊಂಬು ತೋರಿಸಬೇಕು. "ಅವ್ವ ಒಂದ್ಸಲ ಮಗಾ ಅಂದ್ರೆ ಸಾಕು ಕಣ್ರಿ ಮೇಡಂ," ಎಂದ ಮಗ. ಮಾತು ಹೋದವರಲ್ಲೂ ಬಾಯಿಪಾಠವಾದ ಹಾಡು ಉಳಿದಿರುತ್ತದೆ, ಅದನ್ನು ಹಿಡಿದೇ ಮಾತನ್ನು ಎಳೆದು ತರುತ್ತೇನೆ ಎಂದು ದೊಡ್ಡದಾಗಿ ಹೇಳಿದೆ.

ಎರಡು ವಾರ ಭಜನೆ, ಸೋಬಾನೆ, ರಾಗಿ ಬೀಸುವ ಪದ ಎಲ್ಲ ಹಾಡಿದೆ. ಆಕೆ ನನ್ನ ಮುಖ ನೋಡುತ್ತ ಕೂತಳು. ನನಗೆ ರೇಗಿಹೋಯಿತು. ಇವರಿಗೆ ಬರುವ ಹಾಡಾದರೂ ಯಾವುದು ಎಂದು ಸೊಸೆಯನ್ನು ಗದರಿದೆ.

"ಸತ್ತೋರ್ ಮನೇಲಿ ಆಡ್ಕಂಡು ಅಳೋರು ಕಣಕ್ಕ. ಸುತ್ತಮುತ್ತ ಊರೋರೆಲ್ಲ ಬಂದು ಕರ್ಕಂಡೋಗೋರು. ಅದ್ನ ಮಾತ್ರ ಆಡುಸ್ಬ್ಯಾಡಿ. ಎಣ ಇಲ್ದೆ ಆಡಂಗಿಲ್ಲ."

ಹೆಣವಿಲ್ಲದೆ ಹಾಡಬಾರದು ಎನ್ನುವುದು ಮೂಢನಂಬಿಕೆ ಎಂದು ನಕ್ಕೆ. ಮಾರನೆಯ ದಿನ ಆಕೆಯ ಎಡಗೈ ಹಿಡಿದು ತೊಡೆಯ ಮೇಲೆ ತಟ್ಟಿಸುತ್ತ ಸಾವಿನ ಮನೆಗಳಲ್ಲಿ ಕೇಳಿದ್ದ ಅಳುವಿನ ಆ ಧಾಟಿಯನ್ನು ನಾನೇ ಎತ್ತಿದೆ. ಮೂರನೆಯ ಸಲಕ್ಕೆ ಬಾಯಿ ತೆರೆಯಿತು. ಒಂದಕ್ಷರವೂ ತೊದಲಲಿಲ್ಲ.

"ಓಗ್ಬುಟ್ಯಾ ನನ್ ಮಗನೇ, ಮಣ್ಗೆ ಓಗ್ಬುಟ್ಯಾ..."

ಹೆಣದ ಮುಖ ನೋಡಿ ಹಾಡುವ ಹಾಡು ಅದು. ಎದುರಿಗೆ ನಿಂತಿದ್ದವನು ಮಗ. ಅವನನ್ನೇ ನೋಡುತ್ತ ಹಾಡಿದಳು, ಬಾಯಿ ಬಂದ ಸಂತೋಷಕ್ಕೆ ನಗುತ್ತಲೂ ಇದ್ದಳು. ನಾನು ಚಪ್ಪಾಳೆ ತಟ್ಟಿದೆ. ಮಗ ಬರಿಗಾಲಲ್ಲೇ ಹೊರಗೆ ಹೋದ. ಮರುದಿನದಿಂದ ಅವರು ಬರಲಿಲ್ಲ.

ತಿಂಗಳಾದ ಮೇಲೆ ನಾನೇ ಬಂಡಳ್ಳಿಗೆ ಹೋದೆ. ಆಕೆಯನ್ನು ಹಿತ್ತಿಲ ಕೊಟ್ಟಿಗೆಯಲ್ಲಿ, ಎಮ್ಮೆಯ ಪಕ್ಕ ಮಲಗಿಸಿದ್ದರು.

"ನೀರ್ ಬೇಕಾದ್ರೂ ಅದೇ, ಅಸುದ್ರೂ ಅದೇ," ಎಂದಳು ಸೊಸೆ. "ಬಾಯ್ಬುಟ್ರೆ ನನ್ ಗಂಡನ್ ಸಾವು. ಇನ್ನೊಂದ್ ಮಾತು ಕಲ್ಸಿ, ಇಲ್ಲಾ ಇದ್ನ ಮರ್ಸಿ."

ಎರಡೂ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಗಂಟೆ ಒದ್ದಾಡಿದೆ. ನೀರು ಎಂಬ ಎರಡಕ್ಷರವನ್ನು ಎಷ್ಟು ರಾಗದಲ್ಲಿ ಹೇಳಿಕೊಟ್ಟರೂ ಆಕೆಯ ಬಾಯಿಂದ ಬಂದದ್ದು ಅದೊಂದೇ ಸಾಲು. ಅದು ತಪ್ಪೆಂದು ಆಕೆಗೆ ಗೊತ್ತಾಗುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅಷ್ಟರಲ್ಲಿ ಮಗ ಹೊಲದಿಂದ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಮಗನನ್ನು ಕಂಡು ತಾಯಿಯ ಮುಖ ಅರಳಿತು. ಕರೆಯಬೇಕೆಂದು ಬಾಯಿ ತೆರೆದಳು. ನಾನು ಧಾವಿಸಿ ಅಂಗೈಯಿಂದ ಆ ಬಾಯಿಯನ್ನು ಒತ್ತಿ ಮುಚ್ಚಿದೆ. ಅವನು ಮನೆಯೊಳಗೆ ಹೋಗುವವರೆಗೂ ಕೈ ತೆಗೆಯಲಿಲ್ಲ.