ಸೈಲೆನ್ಸರಿಗೆ ಹೊಡೆದ ತಗಡು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಚೆನ್ನೈನ ವಡಪಳನಿಯ ನಮ್ಮ ಮನೆಯಿಂದ ನನ್ನನ್ನು ಅದೇ ಊರಿನ ಬಂದರಿನ ಕಡೆಯ ರಾಯಪುರಕ್ಕೆ, ದೊಡ್ಡಪ್ಪನ ಮನೆಗೆ ಕಳಿಸುತ್ತಿದ್ದರು. ಮುಂದೆ ಎಣ್ಣೆ ಅಂಗಡಿ, ಹಿಂದೆ ಮನೆ. ತಾಟಿನುಂಗು ತಿಂದ ಬೆರಳಿಗೂ ಕಡಲೆಕಾಯಿ ಎಣ್ಣೆಯದೇ ವಾಸನೆ. ನಿಮಗೂ ಅಂಥದೊಂದು ರಜೆಯ ಮನೆ ಇದ್ದೀತು. ನನ್ನ ಹತ್ತನೇ ವಯಸ್ಸಿನ ರಜೆಯನ್ನು ಮಾತ್ರ ನಾನು ಇಂದಿಗೂ ತಣ್ಣಗೆ ನೆನೆಯಲಾರೆ.

ಸುಮತಿ ಅತ್ತೆ ದೊಡ್ಡಪ್ಪನ ತಂಗಿ. ಅಲ್ಲೇ ಹತ್ತಿರದ ಪ್ಯಾರೀಸ್ ಪೇಟೆಯ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಹಿಂದಿನ ವರ್ಷ ಮೆಟ್ಟಿಲಿಂದ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು; ಸೊಂಟದಿಂದ ಕೆಳಗೆ ಚಲನೆಯಿಲ್ಲ, ಸ್ಪರ್ಶವೂ ಇಲ್ಲ. ನೀವಾಗಿಯೇ ಬಂದು ಹೋಗುವುದಾದರೆ ಜೂನ್‌ನಲ್ಲಿ ನಿಮ್ಮ ಕುರ್ಚಿ ನಿಮಗೇ ಎಂದು ಮ್ಯಾನೇಜರು ಹೇಳಿಕಳಿಸಿದ್ದರು.

ಬಂದರಿನಿಂದ ಮೀನು ತರುವ ಮೋಟಾರು ಗಾಡಿಗಳು ಆ ಬೀದಿಯಲ್ಲೇ ಓಡಾಡುತ್ತಿದ್ದವು. ಹಳೆ ಬೈಕಿಗೆ ಹಿಂದೆ ಎರಡು ಚಕ್ರ, ಮೇಲೊಂದು ಹಲಗೆ ಪೆಟ್ಟಿಗೆ. ಅತ್ತೆ ಅವನ್ನು ಕಿಟಕಿಯಿಂದ ನೋಡಿ ನೋಡಿ, ಒಂದು ದಿನ ಅವನ್ನು ಕಟ್ಟುವ ಮೆಕ್ಯಾನಿಕ್ ಸೆಲ್ವಂನನ್ನೇ ಕರೆಸಿದಳು. ತನ್ನ ಉಳಿತಾಯದಲ್ಲೇ ಅಂಥದೊಂದು ಹಳೆಯ ಮೀನು ಗಾಡಿಯನ್ನು ತನಗೆ ಹೊಂದುವಂತೆ ಮಾಡಿಸಿದಳು. ಬೆನ್ನೊರಗುವ ಸೀಟು, ಎದೆಗೊಂದು ಬೆಲ್ಟು, ಕಾಲಿನ ಗೇರಿಗೂ ಬ್ರೇಕಿಗೂ ಕೈಗೆಟುಕುವ ಕಬ್ಬಿಣದ ಹಿಡಿ, ಗಾಲಿಕುರ್ಚಿ ಕಟ್ಟಲು ಹಿಂದೊಂದು ಕೊಂಡಿ.

ಮೀನಿನ ವಾಸನೆ ಎಂದು ದೊಡ್ಡಮ್ಮ ಮೂಗು ಮುಚ್ಚಿಕೊಂಡೇ ಪೆಟ್ರೋಲ್ ಟ್ಯಾಂಕಿಗೆ ವಿಭೂತಿ ಎಳೆದರು.

"ಆಯ್ತಲ್ಲ ಅತ್ತಿಗೆ, ಇನ್ನು ಅದೂ ನಮ್ಮೋರೇ," ಅಂದಳು ಅತ್ತೆ.

ಸಂಜೆ ಬಂದರಿನ ಗೋಡೆಯ ಪಕ್ಕ ಅಭ್ಯಾಸ. ನಾನು ಜೊತೆಗೆ ಓಡುತ್ತಿದ್ದೆ. ಒಂದು ಸಂಜೆ ನನ್ನನ್ನು ಹಿಂದೆ ಬಿಟ್ಟು ಹೋಗಿಯೇಬಿಟ್ಟಳು. ಗಾಡಿ ಕಾಣಲಿಲ್ಲ, ತಿರುವಿನಾಚೆಯಿಂದ ಅವಳ ನಗು ಮಾತ್ರ ಕೇಳಿಸಿತು.

ಮೇ ಕೊನೆಗೆ, ಒಂದು ದಿನ ಮನೆಯ ಮುಂದೆ ಗಾಡಿ ನಿಂತಾಗ ಸುಟ್ಟ ವಾಸನೆ ಬಂತು. ಅತ್ತೆಯ ಬಲಗಾಲು ಜಾರಿ ಸೈಲೆನ್ಸರಿಗೆ ಅಂಟಿಕೊಂಡಿತ್ತು. ಅವಳು ನನಗೆ ಏನೋ ಹೇಳಿ ನಗುತ್ತಿದ್ದಳು. ಕಾಲು ಸುಡುತ್ತಿರುವುದು ಅವಳಿಗೆ ಗೊತ್ತೇ ಇಲ್ಲ. ಕೈಗೆ ಬೇಕಾದುದನ್ನೆಲ್ಲ ಯೋಚಿಸಿದವರು ಕಾಲನ್ನು ಮರೆತಿದ್ದರು. ಒಂದು ತಗಡು ಹೊಡೆದು ಪಾದಕ್ಕೊಂದು ಪಟ್ಟಿ ಹಾಕಿದರೆ ಮುಗಿಯಿತು, ಒಂದು ಸಂಜೆಯ ಕೆಲಸ ಎಂದ ಸೆಲ್ವಂ.

"ಸಾಕು ಸುಮತಿ," ಅಂದರು ದೊಡ್ಡಪ್ಪ. "ಇವತ್ತು ಕಾಲು ಸುಟ್ಟಿತು, ನಾಳೆ ಬಸ್ಸು ಗುದ್ದಿದ್ರೆ?"

"ಬಸ್ಸು ಎಲ್ಲರಿಗೂ ಗುದ್ದತ್ತೆ ಅಣ್ಣ. ನೀನು ರೋಡಿಗೆ ಹೋಗೋದು ಬಿಟ್ಟಿದ್ದೀಯಾ?"

"ಇಲ್ಲಿ ನಿನಗೇನು ಕಮ್ಮಿ ಮಾಡಿದೀವಿ?"

ಅದಕ್ಕೆ ಅತ್ತೆ, ತಗಡು ಹೊಡೆಸಿಕೊಡು ಸಾಕು ಎಂದಳು. ತಾನೇ ಸೆಲ್ವಂನ ಬಳಿ ಕಳಿಸುತ್ತೇನೆಂದು ದೊಡ್ಡಪ್ಪ ಗಾಡಿಯನ್ನು ತಳ್ಳಿಸಿಕೊಂಡು ಹೋದರು.

ಜೂನ್ ಮೊದಲ ಸೋಮವಾರ. ಕಾಲಿಗೆ ಬ್ಯಾಂಡೇಜು, ಮೈಮೇಲೆ ಗಂಜಿ ಹಾಕಿದ ಸೀರೆ. ಅತ್ತೆ ಬೆಳಿಗ್ಗೆಯೇ ಬಾಗಿಲಲ್ಲಿ ಕಾದಿದ್ದಳು. ಗಾಡಿ ಬಂತು. ಸೀಟಿನ ಬೆನ್ನಿಲ್ಲ, ಬೆಲ್ಟಿಲ್ಲ. ಹಿಂದೆ ಹಲಗೆ ಪೆಟ್ಟಿಗೆ, ಅದರ ತುಂಬ ಎಣ್ಣೆ ಡಬ್ಬ, ಹಿಂಡಿಯ ಮೂಟೆ. ಓಡಿಸುತ್ತಿದ್ದವನು ಅಂಗಡಿಯ ಆಳು. ಅವನ ಊಟದ ಚೀಲ ಅತ್ತೆಯ ಬ್ರೇಕಿನ ಹಿಡಿಗೆ ನೇತಾಡುತ್ತಿತ್ತು.

"ಹೇಗೂ ಸುಮ್ನೆ ನಿಂತಿತ್ತಲ್ಲಮ್ಮ," ಅಂದರು ದೊಡ್ಡಪ್ಪ.

ನಾನು ಬಗ್ಗಿ ನೋಡಿದೆ. ಸೈಲೆನ್ಸರಿಗೆ ಅಚ್ಚುಕಟ್ಟಾಗಿ ತಗಡು ಹೊಡೆದಿತ್ತು. "ಅತ್ತೆ, ತಗಡು ಹಾಕಿಸಿದಾರೆ," ಎಂದೆ. ಮೂಟೆ ಜಾರಿ ತಾಗಿದರೆ ಗೋಣಿ ಸುಟ್ಟುಹೋಗುತ್ತದಲ್ಲ ಎಂದು ಆಳು ತಮಿಳಿನಲ್ಲಿ ವಿವರಿಸಿದ. ಅತ್ತೆ ಕುರ್ಚಿ ತಿರುಗಿಸಿಕೊಂಡು ಒಳಗೆ ಹೋದಳು.

ಈಗ ಚೆನ್ನೈನ ಸಿಗ್ನಲ್ಲುಗಳಲ್ಲಿ ಅಂಥ ಗಾಡಿಗಳು ಎಷ್ಟೋ ಕಾಣುತ್ತವೆ. ನನ್ನ ಕಣ್ಣು ಮೊದಲು ಹೋಗುವುದು ಸೈಲೆನ್ಸರಿಗೆ. ದೊಡ್ಡಪ್ಪ ತಂಗಿಯನ್ನು ಹೂವಿನ ಹಾಗೆ ನೋಡಿಕೊಂಡರು ಎಂದು ನೆಂಟರು ಮದುವೆಮನೆಗಳಲ್ಲಿ ಇಂದಿಗೂ ಹೊಗಳುತ್ತಾರೆ. ದನಿ ಎತ್ತಬಾರದೆಂದು ನಮಗೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದಾರೆ, ಮೆಲ್ಲಗೇ ಹೇಳುತ್ತೇನೆ. ಅವರು ನೋಡಿಕೊಳ್ಳಲಿಲ್ಲ, ಕಿತ್ತುಕೊಂಡರು. ಗೋಣಿಗೆ ಸಿಕ್ಕ ತಗಡು ಅವಳ ಕಾಲಿಗೆ ಸಿಗಲಿಲ್ಲ.

ಪ್ಯಾರೀಸ್‌ನ ಕುರ್ಚಿ ಬೇರೆಯವರದಾಯಿತು. ಈಗಲೂ ನಾನು ಫೋನ್ ಮಾಡಿದರೆ ಅತ್ತೆ ಮೊದಲ ರಿಂಗಿಗೇ ಎತ್ತಿ, ಆ ಹಳೆಯ ಆಫೀಸಿನ ದನಿಯಲ್ಲಿ, "ಯಾರಿಗೆ ಕನೆಕ್ಟ್ ಮಾಡ್ಲಿ, ಮೇಡಂ?" ಅನ್ನುತ್ತಾಳೆ. ಇಬ್ಬರೂ ನಗುತ್ತೇವೆ. ಅಂದು ಬಂದರಿನ ತಿರುವಿನಾಚೆಯಿಂದ ಕೇಳಿಸಿದ್ದು ಈ ನಗುವಲ್ಲ.