ಟೀಚರಮ್ಮನ ಗೋಡೆಯ ಮೊಳೆ

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದಲ್ಲಿ ಮೂರಂತಸ್ತಿನ ಕ್ವಾರ್ಟರ್ಸ್ ಕಟ್ಟುತ್ತಿದ್ದರು, ಹನ್ನೆರಡು ಮನೆ. ನಾನು ಅಲ್ಲಿ ವೈರ್‌ಮನ್. ಅಲ್ಲಿಯವರೆಗೆ ನಮ್ಮ ಕಡೆ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು, ಅದರ ಮೇಲೆ ಎಲ್ಲರಿಗೂ ಕಾಣುವ ಹಾಗೆ ವೈರ್ ಎಳೆಯುತ್ತಿದ್ದೆವು. ಇಲ್ಲಿ ಮಾತ್ರ ಗೋಡೆಯೊಳಗೆ ಪೈಪು ಹೂತು, ಅದರೊಳಗೆ ವೈರ್ ಎಳೆಯಬೇಕಿತ್ತು. ಕಾಣುವ ವೈರಿಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಗೋಡೆಯೊಳಗೆ ಹೂತ ವೈರನ್ನು ಮಾತ್ರ ಹೂತವನೇ ಕಾಯಬೇಕು. ಅದಕ್ಕೇ ನಾನು ಸ್ವಿಚ್ಚಿನಿಂದ ನೆಟ್ಟಗೆ ಮೇಲಕ್ಕೆ, ಅಲ್ಲಿಂದ ತಾರಸಿಯ ಕೆಳಗೆ ನೆಟ್ಟಗೆ ಅಡ್ಡಕ್ಕೆ ಪೈಪು ಹಾಕುತ್ತಿದ್ದೆ, ಸ್ವಿಚ್ಚು ನೋಡಿದರೆ ಸಾಕು ವೈರ್ ಎಲ್ಲಿದೆ ಅಂತ ಯಾರಿಗಾದರೂ ತಿಳಿಯಲಿ ಅಂತ. ಅದೂ ಕಬ್ಬಿಣದ ಪೈಪು. ತಗುಲಿದರೆ ಮೊಳೆ ಬಗ್ಗಬೇಕೇ ಹೊರತು ವೈರಿಗೆ ಏನೂ ಆಗಬಾರದು.

ಗುತ್ತಿಗೆದಾರನಿಗೆ ನನ್ನ ಈ ಕಟ್ಟುನಿಟ್ಟು ಕಂಡರೆ ಮೈ ಉರಿಯುತ್ತಿತ್ತು. "ಗ್ವಾಡೆ ಒಳಗಿರೋದು ಯಾವನಿಗ್ ಕಾಣ್ತೈತಲೇ? ಬೋರ್ಡಿಂದ ಲೈಟಿಗೆ ಓರೆಯಾಗಿ ಎಳದ್ಬಿಡು, ಅರ್ಧ ಪೈಪು ಉಳೀತೈತೆ" ಅಂದ. ನಾನು ಆಗುವುದಿಲ್ಲ ಅಂದೆ. ತಂಗಿಯ ಬಾಣಂತನಕ್ಕೆ ಅಂತ ಹೊಳಲ್ಕೆರೆಗೆ ನಾಲ್ಕು ದಿನ ಹೋಗಿ ಬರುವಷ್ಟರಲ್ಲಿ ಮೇಲಿನ ನಾಲ್ಕು ಮನೆಗೆ ಬೇರೆಯವರನ್ನು ಹಿಡಿದು, ತೆಳ್ಳನೆ ಪ್ಲಾಸ್ಟಿಕ್ ಪೈಪಿನಲ್ಲಿ ಓರೆಯಾಗಿ ಎಳೆಸಿ, ಗಾರೆ ಮೆತ್ತಿಸಿ ಮುಗಿಸಿದ್ದ. ನಾನು ಬಾಯಿ ಮುಚ್ಚಿಕೊಂಡೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಮೂರನೇ ಅಂತಸ್ತಿಗೆ ಬಾಗೂರಿನ ಕಡೆಯ ಒಬ್ಬ ಟೀಚರಮ್ಮ ಬಂದರು. ಹಾಲು ಉಕ್ಕಿಸುವ ದಿನ ಮನೆದೇವರ ಫೋಟೊ ಮೂಡಲಿಗೆ ಮುಖ ಮಾಡಿರಬೇಕೆಂದು ಸ್ಟೂಲು ಹತ್ತಿ ಪಡುವಲ ಗೋಡೆಗೆ ತಾವೇ ಮೊಳೆ ಹೊಡೆದರು. ಮೊಳೆ ನೇರ ವೈರಿಗೆ ಹೋಯಿತು. ಶಾಕ್ ಹೊಡೆದು ಕೆಳಗೆ ಬಿದ್ದು ಬಲಗೈ ಮುರಿದುಕೊಂಡರು. ಗುತ್ತಿಗೆದಾರ ಹನ್ನೆರಡು ಮನೆಯವರ ಮುಂದೆ ನನ್ನ ಕಡೆ ಕೈ ತೋರಿಸಿ, "ಈ ಕಳ್ಳ ಪೈಪು ಮಾರ್ಕಂಡವ್ನೆ" ಅಂದ. ನನ್ನ ವೈರ್‌ಮನ್ ಪರ್ಮಿಟ್ ಹೋಯಿತು.

ಎರಡು ವರ್ಷ ಹೊಸದುರ್ಗದ ತೆಂಗಿನ ತೋಟಗಳಲ್ಲಿ ಪಂಪ್‌ಸೆಟ್ ಬಿಚ್ಚಿ ಕಟ್ಟಿ ಹೊಟ್ಟೆ ಹೊರೆದೆ. ಕಳ್ಳ ಅನ್ನುವ ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಅಲ್ಲಿಗೂ ಬಂದಿತ್ತು. ನಾನು ಕೂತರೆ ನಿಂತರೆ ಅವನಿಗೆ ಏನು ಮಾಡಲಿ ಅಂತಲೇ ಯೋಚಿಸುತ್ತಿದ್ದೆ. ಕ್ಷಮಿಸುವ ದೊಡ್ಡತನ ನನ್ನಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಒಂದು ದಿನ ಅವನೇ ನನ್ನನ್ನು ಹುಡುಕಿಕೊಂಡು ಬಂದ. ಹಿರಿಯೂರಿನಲ್ಲಿ ಸ್ವಂತ ಮನೆ ಕಟ್ಟಿಸಿದ್ದನಂತೆ. ಅಭ್ಯಾಸಬಲ ನೋಡಿ, ಅಲ್ಲೂ ಪೈಪು ಉಳಿಸಲು ಓರೆಯಾಗಿಯೇ ಎಳೆಸಿದ್ದ. ಎಳೆದವರು ಈಗ ಕೈಗೆ ಸಿಗುತ್ತಿರಲಿಲ್ಲವಂತೆ. ವಾರಕ್ಕೆ ಮಗಳ ಮದುವೆ. ತೋರಣದ ಮೊಳೆ ಹೊಡೆಯಲು ಹೋದ ಭಾವಮೈದುನ ಶಾಕ್ ಹೊಡೆಸಿಕೊಂಡು ದೂರ ಬಿದ್ದಿದ್ದ. ಈಗ ಮನೆಯಲ್ಲಿ ಯಾರೂ ಗೋಡೆ ಮುಟ್ಟುವುದಿಲ್ಲವಂತೆ.

"ಎಲ್ಲೆಲ್ಲಿ ವೈರ್ ಐತೆ ಅಂತ ಬಂದು ಗುರುತು ಹಾಕ್ಕೊಡಪ್ಪ. ನಿನ್ನ ಬಿಟ್ರೆ ಯಾರಿಗೂ ತಿಳಿಯಲ್ಲ" ಅಂದ.

ನನಗೆ ಆದ ಖುಷಿ ಹೇಳತೀರದು. "ಬರ್ತೀನ್ರಿ. ಮೊದ್ಲು ಕ್ವಾರ್ಟರ್ಸಿಗೆ ಹೋಗಾಣ ನಡೀರಿ. ಟೀಚರಮ್ಮನ ಮುಂದೆ ನಡೆದಿದ್ದು ನಡೆದಂಗೆ ಹೇಳಿ, ಬರ್ದುಕೊಡ್ರಿ" ಅಂದೆ. ಮದುವೆ ಆಗಲಿ ಅಂದ. ಮದುವೆಯನ್ನು ಲಾಟೀನು ಬೆಳಕಿನಲ್ಲಿ ಮಾಡಿಕೊಳ್ಳಿ ಅಂದೆ. ಬಂದ.

ಅಕ್ಕಪಕ್ಕದ ಮನೆಯವರನ್ನೂ ಕರೆದೆ. ತಲೆ ತಗ್ಗಿಸಿಕೊಂಡು ಎಲ್ಲ ಒಪ್ಪಿಕೊಂಡ, ಕಾಗದದಲ್ಲಿ ಬರೆದು ಸಹಿ ಹಾಕಿದ. ಟೀಚರಮ್ಮ ಆ ಕಾಗದವನ್ನು ಎರಡು ಸಲ ಓದಿ ನನಗೆ ಕೊಟ್ಟರು. ಆಮೇಲೆ ಒಳಗಿನಿಂದ ಸುತ್ತಿಗೆ ಮತ್ತು ಒಂದು ಮೊಳೆ ತಂದರು. ಅವರ ಬಲಗೈ ಇನ್ನೂ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ದೇವರ ಫೋಟೊ ಎರಡು ವರ್ಷದಿಂದ ಮಣೆಯ ಮೇಲೇ ಗೋಡೆಗೆ ಒರಗಿತ್ತು.

"ಈ ಮೊಳೆ ನೀವೇ ಹೊಡೀಬೇಕು ಅಂತ ಕಾಯ್ಕಂಡಿದ್ದೆ. ಅದೇ ಜಾಗಕ್ಕೆ ಹೊಡೀರಿ" ಅಂತ ಸುತ್ತಿಗೆಯನ್ನು ಗುತ್ತಿಗೆದಾರನ ಕೈಗೆ ಕೊಟ್ಟರು.

ಅವನು ನನ್ನ ಮುಖ ನೋಡಿದ. "ಮೇನ್ ಆಫ್ ಮಾಡಿದ್ಯೇನಪ್ಪ?"

ಟೀಚರಮ್ಮ ಹೋಗಿ ಸ್ವಿಚ್ ಒತ್ತಿದರು. ಲೈಟು ಹತ್ತಿತು.

ಅವನು ಸ್ಟೂಲು ಹತ್ತಿದ. ಬೋರ್ಡಿಗೂ ಲೈಟಿಗೂ ನಡುವಿನ ಓರೆ ಗೆರೆಯನ್ನು ಅವನ ಕಣ್ಣೇ ಎಳೆಯುತ್ತಿತ್ತು, ಮೊಳೆಯ ಜಾಗ ಆ ಗೆರೆಯ ಮೇಲೇ ಇತ್ತು. ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಕಣ್ಣು ಮುಚ್ಚಿಕೊಂಡು ಹೊಡೆದ. ಒಂದು, ಎರಡು, ಮೂರು. ಕೆಳಗಿಳಿದವನು ಅಲ್ಲೇ ಕುಸಿದು ಕೂತು ನೀರು ಕೇಳಿದ. ಟೀಚರಮ್ಮ ನೀರು ಕೊಟ್ಟು, ಫೋಟೊ ಎತ್ತಿ ಮೊಳೆಗೆ ಹಾಕಿದರು.

ಮಾತಿಗೆ ತಪ್ಪದೆ ಹಿರಿಯೂರಿಗೆ ಹೋದೆ. ಅವನ ಮನೆಯಲ್ಲಿ ಬೋರ್ಡಿಂದ ಲೈಟಿಗೆ ದಾರ ಹಿಡಿದು, ಪ್ರತಿ ಗೋಡೆಗೂ ಕೆಮ್ಮಣ್ಣಿನ ಜಾಜಿನಿಂದ ಓರೆಯಾಗಿ ದಪ್ಪ ಕೆಂಪು ಗೆರೆ ಎಳೆದು ಬಂದೆ. ಮದುವೆಗೆ ಬಂದವರೆಲ್ಲ ಅದನ್ನು ನೋಡಿಕೊಂಡೇ ಉಂಡರು.

ನನ್ನ ಪರ್ಮಿಟ್ ಮರಳಿ ಬಂತು. ಅವನಿಗೆ ಒಂದು ವಿಷಯ ಮಾತ್ರ ನಾನೂ ಹೇಳಲಿಲ್ಲ, ಟೀಚರಮ್ಮನೂ ಹೇಳಲಿಲ್ಲ. ಅವರ ಕೈ ಮುರಿದ ತಿಂಗಳಿಗೇ ಒಂದು ಭಾನುವಾರ ನಾನು ಹೋಗಿ, ಗಾರೆ ಒಡೆದು, ಆ ಓರೆ ವೈರನ್ನು ಅವರಿಗೆ ತೋರಿಸಿ ಕಿತ್ತು ಹಾಕಿದ್ದೆ. ಕಬ್ಬಿಣದ ಪೈಪಿನಲ್ಲಿ ನೆಟ್ಟಗೆ ಹೊಸದಾಗಿ ಎಳೆದಿದ್ದೆ. ಅವನು ಕಣ್ಣು ಮುಚ್ಚಿಕೊಂಡು ಮೊಳೆ ಹೊಡೆದ ಜಾಗದಲ್ಲಿ ಬರೀ ಇಟ್ಟಿಗೆ ಇತ್ತು.