ಮಹಾನಂದಾ ಅವರ ವಹಿಯ ಮೊದಲ ಹಾಳೆ

ಮನೋಳಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಹಾನಂದಾ ಪಡಸಾಲೆಯಲ್ಲಿ ಕುಳಿತು ನಿನ್ನೆ ಕುಟ್ಟಿದ ಕುಂಕುಮವನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸೋಸುತ್ತಿದ್ದಾರೆ. ಒಮ್ಮೆಯಲ್ಲ, ಮೂರು ಸಲ. ಆಮೇಲೆ ಒಂದು ಚಿಟಿಕೆ ತೆಗೆದು ಪಕ್ಕದಲ್ಲಿದ್ದ ದಪ್ಪ ವಹಿಯ ಹಾಳೆಗೆ ತಿಕ್ಕಿ, ಅದರ ಮೇಲೆ ನಿಂಬೆಹಣ್ಣಿನ ಒಂದೇ ಹನಿ ಹಿಂಡುತ್ತಾರೆ. ಕೆಂಪು ಮೆಲ್ಲಗೆ ಹಳದಿಗೆ ತಿರುಗುತ್ತದೆ. "ತವರಮನಿಗೆ ಹೊಳ್ಳಿ ಹೋತು ನೋಡ್ರಿ. ಹಿಂಗ ಅರಿಷಿಣ ಆದ್ರ ಖರೇ ಕುಂಕುಮ," ಎನ್ನುತ್ತಾರೆ.

ಅಷ್ಟಕ್ಕೇ ಬಿಡುವುದಿಲ್ಲ. ಇನ್ನೊಂದು ಚಿಟಿಕೆಯನ್ನು ತಮ್ಮ ಮುಂಗೈಯ ಒಳಭಾಗಕ್ಕೆ ಹಚ್ಚಿ ಬಟ್ಟೆ ಸುತ್ತುತ್ತಾರೆ. ಎರಡು ದಿನ ಅದು ಹಾಗೇ ಇರಬೇಕು. ತುರಿಕೆ ಬಾರದಿದ್ದರೆ ಮಾತ್ರ ಆ ಕುಂಕುಮ ಸಂತೆಗೆ ಹೋಗುತ್ತದೆ. ಬಟ್ಟೆ ಸುತ್ತುವಾಗ ನಾನೊಂದು ಗಮನಿಸುತ್ತೇನೆ. ಅವರ ಬಲಗೈ ಉಂಗುರ ಬೆರಳಿನ ತುದಿ ಬೆಳ್ಳಗಿದೆ. ನಾನು ನೋಡಿದ್ದು ತಿಳಿಯುತ್ತಲೇ ಆ ಕೈ ಸೆರಗಿನೊಳಗೆ ಹೋಗುತ್ತದೆ.

ಮಹಾನಂದಾ ಅವರಿಗೆ ಈಗ ನಲವತ್ತೆಂಟು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವರು. ಕುಂಕುಮದ ಕೆಲಸ ಕಲಿತದ್ದು ಅತ್ತೆಯಿಂದ. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಯಿತು, ಅಂದಿನಿಂದ ಒರಳೇ ಆಧಾರ. ಅರಿಶಿಣದ ಕೊಂಬನ್ನು ಸಣ್ಣಗೆ ಹೆಚ್ಚಿ, ಸುಣ್ಣದ ತಿಳಿನೀರಿನಲ್ಲಿ ನೆನೆಸಿ, ನೆರಳಲ್ಲಿ ಐದಾರು ದಿನ ಒಣಗಿಸಿ, ಕುಟ್ಟಿ, ಸೋಸಿ, ಕೊನೆಗೆ ಚೂರು ತುಪ್ಪ ಹಾಕಿ ಕೈಯಾಡಿಸಬೇಕು. ಇಷ್ಟೆಲ್ಲ ಮಾಡಿದರೂ ವಾರಕ್ಕೆ ನಾಲ್ಕು ಕಿಲೋ ದಾಟುವುದಿಲ್ಲ. ಯಂತ್ರದವರು ಅಷ್ಟನ್ನು ಒಂದು ತಾಸಿನಲ್ಲಿ ಮುಗಿಸುತ್ತಾರೆ. ಸವದತ್ತಿ, ಬೈಲಹೊಂಗಲ, ರಾಮದುರ್ಗ, ಒಮ್ಮೊಮ್ಮೆ ಕಿತ್ತೂರು, ಹೀಗೆ ಸಂತೆ ಹಿಡಿದು ಬಸ್ಸಿನಲ್ಲಿ ತಿರುಗುತ್ತಾರೆ. "ಬೆಳಿಗ್ಗೆ ಎದ್ದ ಕೂಡ್ಲೆ ತೋಳು ಮ್ಯಾಲ ಏಳಂಗಿಲ್ರಿ. ಎರಡು ಪೆಟ್ಟು ಕುಟ್ಟಿದ ಮ್ಯಾಲ ತಾನ ದಾರಿಗೆ ಬರತೈತಿ," ಎಂದು ನಗುತ್ತಾರೆ.

ನಾನು ಬಂದದ್ದು ಮಾತ್ರ ಕುಂಕುಮಕ್ಕಲ್ಲ, ವಹಿಗೆ. ಬೈಲಹೊಂಗಲದ ಚಿತ್ರಕಲಾ ಶಿಕ್ಷಕಿ ಸ್ನೇಹಲ್ ಸಂತೆಯಲ್ಲಿ ಇದನ್ನು ಕಂಡು ನನಗೆ ಫೋನ್ ಮಾಡಿದ್ದರು. "ಶಹರದಾಗ ಮಂದಿ ಕ್ಲಾಸ್ ಹಚ್ಚಿ, ವಹಿಯಾಗ ಬಣ್ಣ ಬಳದು ಚೂರುಪಾರು ಅಂಟಿಸಿ ಆರ್ಟ್ ಜರ್ನಲ್ ಮಾಡೂದು ಕಲೀತಾರ್ರಿ. ಈ ಅಕ್ಕಾರು ಯಾರ ಕಡೆನೂ ಕಲೀದ ಮಾಡ್ಯಾರ, ಒಮ್ಮೆ ಹೋಗಿ ನೋಡ್ರಿ," ಅಂದಿದ್ದರು.

ಸ್ನೇಹಲ್ ಹೇಳಿದ್ದು ಕಡಿಮೆಯೇ. ಕುಂಕುಮದ ಪರೀಕ್ಷೆಗೆಂದು ಶುರುವಾದ ವಹಿ ಈಗ ಇನ್ನೂರು ಹಾಳೆ ದಾಟಿದೆ. ಹೊಳೆದಂಡೆಯ ಎರೆಮಣ್ಣು, ಕಿತ್ತೂರಿನ ದಾರಿಯ ಕೆಂಪುಮಣ್ಣು, ಸುಣ್ಣ, ಒಲೆಯ ಬೂದಿ, ಬಟ್ಟೆಗೆ ಹಾಕುವ ನೀಲಿ, ಉಳ್ಳಾಗಡ್ಡಿ ಸಿಪ್ಪೆಯ ಪುಡಿ, ಎಲ್ಲವನ್ನೂ ಜಾಲಿಯ ಅಂಟಿನಲ್ಲಿ ಕಲಸಿ ಹಚ್ಚಿದ್ದಾರೆ. ನಡುನಡುವೆ ಬಸ್ಸಿನ ಟಿಕೆಟು, ಇಳಕಲ್ ಸೀರೆಯ ಅಂಚು, ಜೋಳದ ಹೊಟ್ಟು. ಕೆಳಗೆ ಪೆನ್ಸಿಲ್ಲಿನ ಗುಂಡು ಅಕ್ಷರ: "ಅಂಟು ಕಮ್ಮಿ. ಮಣ್ಣು ಬಿರಕ ಬಿಟ್ಟೈತಿ." ಇನ್ನೊಂದರ ಕೆಳಗೆ: "ನೀಲಿಗೆ ಸುಣ್ಣ ಹಾಕಿದೆ. ಮಳಿಗಾಲದ ಮುಗಿಲು ಆತು." ಒಂದು ಹಾಳೆಯಲ್ಲಿ ಬರೀ ಬೂದಿ ಬಳಿದಿದೆ, ಅಕ್ಷರವೇ ಇಲ್ಲ.

ಪತ್ರಿಕೆಗೆ ಬರೆಯುವ ನಮ್ಮಂಥವರಿಗೆ ಇಂಥದ್ದು ಸಿಕ್ಕರೆ ಹಬ್ಬ. ದೊಡ್ಡ ಬಣ್ಣದ ಚಿತ್ರ, ಕೆಳಗೆ ನಾಲ್ಕು ಒಳ್ಳೆಯ ಮಾತು, ಭಾನುವಾರದ ಚಹಾ ಆರುವುದರೊಳಗೆ ಓದಿ ಮುಗಿಯಬೇಕು. "ನಿಮ್ಮಂಥ ಎಲೆಮರೆಯ ಕಾಯಿಗಳನ್ನು ಜನಕ್ಕೆ ತೋರಿಸಬೇಕು," ಎಂದು ರೂಢಿಯ ಮಾತು ಹೇಳಿದೆ. ಅವರ ಮುಖ ಸಣ್ಣದಾಯಿತು.

"ನನ್ನ ಯಾರೂ ಮರಿ ಮಾಡಿಲ್ರಿ ಸರ. ನಾನ ಅಡಗಿ ಕುಂತೇನಿ," ಎಂದು ವಹಿಯ ಮೊದಲ ಹಾಳೆ ತೆರೆದರು.

ಅದರಲ್ಲಿ ಒಂದು ಗುಂಡನೆಯ ಕಲೆಯಿದೆ, ಹಣೆಬೊಟ್ಟಿನಷ್ಟು. ಕಣ್ಣಿಗೆ ಹೊಡೆಯುವ ಕೆಂಪು. ನಿಂಬೆರಸ ಬಿದ್ದ ಗುರುತಿದೆ, ಬಣ್ಣ ಮಾತ್ರ ಹಳದಿಯಾಗಿಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು. ಹುಣ್ಣಿಮೆ ಹತ್ತಿರ ಬಂದಿತ್ತು, ಸವದತ್ತಿಯ ದೇವಿಯ ಗುಡ್ಡಕ್ಕೆ ಜಾತ್ರೆಗೆ ಹೋಗುವ ಮಂದಿ ಕುಂಕುಮ ಕೇಳುತ್ತಿದ್ದರು, ಅರಿಶಿಣ ಸಾಕಾಗಲಿಲ್ಲ. ಯಾರೋ ವ್ಯಾಪಾರಿ ಹೆಸರಿಲ್ಲದ ಡಬ್ಬಿಯಲ್ಲಿ ಕೆಂಪು ಪುಡಿ ಕೊಟ್ಟ. ಒಂದೊಂದು ಸೇರಿಗೆ ಒಂದೊಂದು ಹಿಡಿ ಬೆರೆಸಿದರು. ಈ ಸಲ ಬಣ್ಣ ಭಾರೀ ಬಂದಿದೆ ಎಂದು ಎಲ್ಲರೂ ಹೊಗಳಿದರು. "ನನಗೂ ಹಿಗ್ಗಾತ್ರಿ," ಎನ್ನುವಾಗ ಮಹಾನಂದಾ ನೆಲ ನೋಡುತ್ತಾರೆ.

ಅದೇ ಓಣಿಯ ಕೆಂಪವ್ವನ ಮಗಳು ಲಗಮವ್ವ ಆಗ ಇಪ್ಪತ್ತೈದರ ಹುಡುಗಿ. ಕಟಕೋಳ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ತವರಿನಿಂದ ಒಯ್ದ ಕುಂಕುಮ ಹಚ್ಚಿ ಹಣೆ ತುರಿಸಿತು, ಆಮೇಲೆ ಬೊಟ್ಟಿನ ಜಾಗವೇ ಬೆಳ್ಳಗಾಯಿತು. ಆಕೆ ಬಂದು ಕೇಳಿದಳು ಕೂಡ. ಅಷ್ಟರಲ್ಲಿ ಕುಂಕುಮ ಕಲಸಿದ ಮಹಾನಂದಾ ಅವರ ಬೆರಳೂ ಬೆಳ್ಳಗಾಗತೊಡಗಿತ್ತು. ಉಳಿದ ಪುಡಿಯನ್ನು ಈ ಹಾಳೆಗೆ ಹಚ್ಚಿ ನಿಂಬೆ ಹಿಂಡಿಯೂ ಆಗಿತ್ತು. ಎಲ್ಲ ಗೊತ್ತಿದ್ದೂ ಹೇಳಿದ್ದೇನು? "ನನ್ನ ಕುಂಕುಮ ಊರ ಮಂದಿ ಹಚ್ಚತಾರವಾ. ನಿನಗೊಬ್ಬಾಕಿಗೆ ಯಾಕ ಹಿಂಗಾತು?"

ಗಂಡನ ಮನೆಯವರು ಅದನ್ನು ತೊನ್ನು ಅಂದರು. ತಾಯಿಯ ರಕ್ತದಿಂದ ಬಂದದ್ದು ಎಂದು ಲಗಮವ್ವನನ್ನು ತವರಿಗೆ ತಂದುಬಿಟ್ಟರು. ಕೆಂಪವ್ವ ಏಳು ವರ್ಷ ಆ ಮಾತು ಕೇಳಿಸಿಕೊಂಡು ತೀರಿಕೊಂಡಳು. ಬೂದಿಯ ಹಾಳೆ ಆ ದಿನದ್ದು.

"ಈ ಹಾಳಿ ಹಾಕಿ ಬರೀರಿ. ಹಾಕದಿದ್ರ ಏನೂ ಬರೀಬ್ಯಾಡ್ರಿ," ಅಂದರು ಮಹಾನಂದಾ.

ನಾನು ಆಗ ಆಡಿದ ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ. "ಅದೊಂದನ್ನು ಬಿಡೋಣ, ಉಳಿದ ಹಾಳೆಗಳು ಎಷ್ಟು ಚೆಂದ ಇವೆ," ಅಂದುಬಿಟ್ಟೆ. ಹನ್ನೊಂದು ವರ್ಷ ಅವರು ತಮಗೆ ತಾವೇ ಹೇಳಿಕೊಂಡ ಮಾತನ್ನೇ ನಾನೂ ಹೇಳಿದ್ದೆ. ತಲೆ ತಗ್ಗಿಸಿ, ಬರೆಯುವುದಾದರೆ ಲಗಮವ್ವನಿಗೆ ಮೊದಲು ತಿಳಿಯಬೇಕು ಅಂದೆ. ಅವರು ವಹಿ ಎತ್ತಿಕೊಂಡು ಎದ್ದರು.

ನಾಲ್ಕು ಮನೆ ಆಚೆ ಲಗಮವ್ವ ರೊಟ್ಟಿ ಬಡಿಯುತ್ತಿದ್ದಾರೆ. ಹಣೆಯ ನಡುವೆ ಬಿಳಿಯ ಬೊಟ್ಟು. "ಬಾ ಮಾನಂದಕ್ಕ, ಕುಂತ್ಕೊ. ಸರ, ನೀವೂ ಕುಂತ್ಕೊರಿ," ಎನ್ನುತ್ತಾರೆ. ಮಹಾನಂದಾ ಕೂರುವುದಿಲ್ಲ. ನಿಂತೇ ಎಲ್ಲ ಹೇಳುತ್ತಾರೆ, ಸೆರಗಿನೊಳಗಿನ ಕೈ ಹೊರಗೆ ತೆಗೆದು ಬೆರಳು ತೋರಿಸುತ್ತಾರೆ. ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ಹಂಚಿನ ಮೇಲಿದ್ದ ರೊಟ್ಟಿ ಸೀಯುತ್ತದೆ, ಯಾರೂ ತೆಗೆಯುವುದಿಲ್ಲ.

"ನನಗ ಹೇಳದಿದ್ರ ಇರ್ಲಿ," ಎನ್ನುತ್ತಾರೆ ಲಗಮವ್ವ. "ನಮ್ಮವ್ವಗ ಹೇಳಬೇಕಿತ್ತವಾ. ಸಾಯೂ ಹೊತ್ತಿನ್ಯಾಗೂ ಆಕಿ ನನ್ನ ಹಣಿ ಸವರಿ, ನನ್ನ ರಕ್ತ ಕೆಟ್ಟಿತ್ತವಾ ಅಂದ್ಲು. ನಾ ಇಲ್ಲ ಅನಲಿಲ್ಲ."

ಮಹಾನಂದಾ ಅಲ್ಲೇ ನೆಲದ ಮೇಲೆ ಕೂರುತ್ತಾರೆ. ಲಗಮವ್ವ ಸಮಾಧಾನ ಮಾಡುವುದಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ಬಂದು ವಹಿ ತೆಗೆದುಕೊಂಡು ಮೊದಲ ಹಾಳೆಯನ್ನು ನಿಧಾನವಾಗಿ ಹರಿದುಕೊಳ್ಳುತ್ತಾರೆ. "ಕಟಕೋಳಕ್ಕ ಹೋಗತೇನಿ. ಅವರ ಬಾಗಲದಾಗ ನಿಂತು ಇದನ್ನ ತೋರಸ್ತೇನಿ. ಬಾ ಅಂದ್ರೂ ಆ ಮನಿ ಹೊಸ್ತಿಲ ದಾಟಂಗಿಲ್ಲ. ನಮ್ಮವ್ವನ ರಕ್ತದಾಗ ಏನೂ ಇರಲಿಲ್ಲ ಅಂತ ಹೇಳಿ ಬರತೇನಿ." ನನ್ನ ಕಡೆ ತಿರುಗಿ, "ಪೇಪರಿನ್ಯಾಗ ನನ್ನ ಹೆಸರು ಹಾಕ್ರಿ. ನಮ್ಮವ್ವನ ಹೆಸರೂ ಹಾಕ್ರಿ," ಎನ್ನುತ್ತಾರೆ.

ಮನೆಗೆ ಮರಳಿ ಮಹಾನಂದಾ ಒರಳಿನ ಮುಂದೆ ಕುಳಿತಿದ್ದಾರೆ. ಮೊದಲ ಹಾಳೆ ಹೋಗಿದೆ. ಆದರೆ ಆ ಪುಡಿಯ ಬಣ್ಣ ಕೆಳಗಿನ ಎರಡು ಹಾಳೆಗೂ ಇಳಿದಿದೆ, ಅಲ್ಲೂ ಅದೇ ಗುಂಡನೆಯ ಕೆಂಪು. ಇದರ ಮೇಲೆ ಏನು ಅಂಟಿಸುತ್ತೀರಿ ಎಂದು ಕೇಳುತ್ತೇನೆ.

"ಏನೂ ಹಚ್ಚಂಗಿಲ್ರಿ. ಇದು ಕಾಣ್ಲಿ." ಅರಿಶಿಣದ ಕೊಂಬು ಹೆಚ್ಚತೊಡಗುತ್ತಾರೆ. ಈಗ ಬಲಗೈ ಸೆರಗಿನ ಹೊರಗಿದೆ. ಹೊರಡಲು ಎದ್ದಾಗ ನನ್ನನ್ನು ನಿಲ್ಲಿಸಿ ಒಂದೇ ಒಂದು ಕೇಳಿಕೊಳ್ಳುತ್ತಾರೆ.

"ಬರೇ ಮಹಾನಂದಾ ಅಂತ ಬರದ್ರ ಯಾರಂತ ಮಂದಿಗೆ ತಿಳಿಯಂಗಿಲ್ರಿ ಸರ. ಮನೋಳಿ ಕುಂಕುಮದ ಮಹಾನಂದಾ ಅಂತ ಬರೀರಿ."